ಹೆಲೆನಿಸ್ಟಿಕ್ ಕಾಲದ ಗ್ರೀಕ್ ಬೆಳ್ಳಿ ನಾಣ್ಯಗಳ ಸಂಗ್ರಹ: ಪದೇ ಪದೇ ಕೇಳುವ ಪ್ರಶ್ನೆಗಳು

ಅಲೆಕ್ಸಾಂಡರನ ಹೆಸರು ಹೊತ್ತ ಬೆಳ್ಳಿ ನಾಣ್ಯವನ್ನು ಸಾಮಾನ್ಯ ಸಂಬಳದವರೂ ಕೊಂಡು ಅಂಗೈಯಲ್ಲಿ ಇಟ್ಟುಕೊಳ್ಳಬಹುದು ಎಂದರೆ ಬಹಳ ಮಂದಿ ನಂಬುವುದಿಲ್ಲ. ನಂಬಿದವರು ಮರುಕ್ಷಣವೇ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಚಿನ್ನ, ತಾಮ್ರಗಳನ್ನು ಬಿಟ್ಟು ಬೆಳ್ಳಿಗಷ್ಟೇ ಸೀಮಿತವಾಗಿದ್ದೇನೆ. ಉತ್ತರಗಳ ಉದ್ದಕ್ಕೂ ನನ್ನ ನಿಲುವೊಂದು ಕಾಣುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ: ನಾಣ್ಯ ಎಲ್ಲಿಂದ, ಯಾರ ಕೈಯಿಂದ ಬಂತು ಎಂಬ ದಾಖಲೆ ಇಲ್ಲದಿದ್ದರೆ, ಅದು ಎಷ್ಟೇ ಸುಂದರವಾಗಿದ್ದರೂ ಕೊಳ್ಳಬೇಡಿ.

ಹೆಲೆನಿಸ್ಟಿಕ್ ಕಾಲ ಎಂದರೆ ಯಾವುದು?

ಕ್ರಿ.ಪೂ. 323ರಲ್ಲಿ ಬ್ಯಾಬಿಲೋನ್‌ನಲ್ಲಿ ಅಲೆಕ್ಸಾಂಡರ್ ತೀರಿಕೊಂಡಲ್ಲಿಂದ ಕ್ರಿ.ಪೂ. 30ರಲ್ಲಿ ಕ್ಲಿಯೋಪಾತ್ರಳ ಈಜಿಪ್ಟ್ ರೋಮನ್ನರ ವಶವಾಗುವವರೆಗಿನ ಸುಮಾರು ಮುನ್ನೂರು ವರ್ಷ. ಸಂಗ್ರಾಹಕರು ಅಲೆಕ್ಸಾಂಡರನ ಆಳ್ವಿಕೆಯ ನಾಣ್ಯಗಳನ್ನೂ ಇದರೊಳಗೇ ಸೇರಿಸಿಕೊಳ್ಳುತ್ತಾರೆ, ಏಕೆಂದರೆ ಮುಂದಿನ ಬಹಳಷ್ಟು ನಾಣ್ಯಗಳು ಅವನ್ನೇ ಮಾದರಿಯಾಗಿ ಹಿಡಿದವು.

ಎರಡು ಸಾವಿರ ವರ್ಷ ದಾಟಿದ ಬೆಳ್ಳಿ ಇಷ್ಟೊಂದು ಉಳಿದದ್ದು ಹೇಗೆ?

ಅಚ್ಚಾದದ್ದೇ ಅಪಾರ. ಪರ್ಷಿಯಾದ ಅರಸರು ತಲೆಮಾರುಗಳಿಂದ ಕೂಡಿಟ್ಟ ಬೆಳ್ಳಿಬಂಗಾರವನ್ನು ಅಲೆಕ್ಸಾಂಡರ್ ಸೂಸಾ, ಪರ್ಸೆಪೊಲಿಸ್ ಖಜಾನೆಗಳಿಂದ ಹೊರತೆಗೆದ. ಪರ್ಸೆಪೊಲಿಸ್ ಒಂದರಲ್ಲೇ ಬೆಳ್ಳಿಯ ಲೆಕ್ಕದಲ್ಲಿ 1,20,000 ಟ್ಯಾಲೆಂಟ್ ಸಿಕ್ಕಿತು ಎಂದು ಇತಿಹಾಸಕಾರ ಡಯೋಡೊರಸ್ ಬರೆದಿದ್ದಾನೆ. ಒಂದು ಟ್ಯಾಲೆಂಟ್ ಎಂದರೆ ಸುಮಾರು 26 ಕಿಲೋ. ಆ ಅಂಕಿಯಲ್ಲಿ ಉತ್ಪ್ರೇಕ್ಷೆ ಇದ್ದರೂ, ಸುಮ್ಮನೆ ಬಿದ್ದಿದ್ದ ಲೋಹ ಒಮ್ಮೆಲೇ ಸಂಬಳವಾಗಿ, ಸಾಮಗ್ರಿಯ ಬೆಲೆಯಾಗಿ ಮೆಡಿಟರೇನಿಯನ್ ಲೋಕಕ್ಕೆಲ್ಲ ಹರಿದದ್ದು ನಿಜ. ಇಂದಿನ ಟರ್ಕಿಯ ಪಶ್ಚಿಮ ಕರಾವಳಿಯ ಕೊಲೊಫೋನ್, ಲ್ಯಾಂಪ್ಸಕಸ್, ಅಬೈಡೋಸ್, ಮೈಲೀಟಸ್, ಒಳನಾಡಿನ ಸಾರ್ಡಿಸ್ ಮೊದಲಾದ ಟಂಕಸಾಲೆಗಳು ಡ್ರಾಕ್ಮಾ ಎಂಬ ಚಿಕ್ಕ ಬೆಳ್ಳಿ ನಾಣ್ಯಗಳನ್ನು ರಾಶಿರಾಶಿಯಾಗಿ ಅಚ್ಚು ಹಾಕಿದವು. ಸೇವೆ ಮುಗಿಸಿ ಊರಿಗೆ ಮರಳುತ್ತಿದ್ದ ಸೈನಿಕರ ಬಾಕಿ ತೀರಿಸಲು ಅವು ಬೇಕಾಗಿದ್ದವು ಎಂಬುದು ವಿದ್ವಾಂಸರು ಸಾಮಾನ್ಯವಾಗಿ ಕೊಡುವ ವಿವರಣೆ.

ಇಂದಿನಂಥ ಬ್ಯಾಂಕ್‌ಗಳು ಆಗ ಇರಲಿಲ್ಲ. ಯುದ್ಧ ಬಂದಾಗ ಹಣವನ್ನು ಮಡಕೆಯಲ್ಲಿ ತುಂಬಿ ನೆಲದಲ್ಲಿ ಹೂಳುತ್ತಿದ್ದರು. ಹೂತವರಲ್ಲಿ ಎಷ್ಟೋ ಜನ ಮರಳಿ ಬರಲಿಲ್ಲ. 1905ರಲ್ಲಿ ಈಜಿಪ್ಟಿನ ದಮನ್‌ಹೂರ್ ಬಳಿ ಸಿಕ್ಕ ಒಂದೇ ನಿಧಿಯಲ್ಲಿ ಸುಮಾರು 8,000 ಅಲೆಕ್ಸಾಂಡರ್ ಟೆಟ್ರಾಡ್ರಾಕ್ಮಾಗಳಿದ್ದವು. ಇಂದು ಸಂಗ್ರಾಹಕರ ಪೆಟ್ಟಿಗೆಗಳಲ್ಲಿರುವ ನಾಣ್ಯಗಳಲ್ಲಿ ಬಹುಪಾಲು ಇಂಥ ನಿಧಿಗಳಿಂದಲೇ ಹೊರಬಂದವು.

ಡ್ರಾಕ್ಮಾ, ಟೆಟ್ರಾಡ್ರಾಕ್ಮಾ ಎಂದರೆ ಎಷ್ಟು ದೊಡ್ಡವು?

ಅಥೆನ್ಸ್‌ನ ತೂಕದ ಪದ್ಧತಿಯಲ್ಲಿ ಡ್ರಾಕ್ಮಾ ಸುಮಾರು 4.3 ಗ್ರಾಂ. ನಾಲ್ಕು ಡ್ರಾಕ್ಮಾದ ಟೆಟ್ರಾಡ್ರಾಕ್ಮಾ ಸುಮಾರು 17.2 ಗ್ರಾಂ. ಒಂದು ಡ್ರಾಕ್ಮಾಕ್ಕೆ ಆರು ಓಬೋಲ್. ಅಲೆಕ್ಸಾಂಡರ್ ಈ ಪದ್ಧತಿಯನ್ನೇ ಹಿಡಿದದ್ದರಿಂದ ಅವನ ಮೂಲನಾಡು ಮ್ಯಾಸಿಡೋನಿಯಾದಿಂದ ಇಂದಿನ ಉತ್ತರ ಆಫ್ಘಾನಿಸ್ತಾನದ ಬ್ಯಾಕ್ಟ್ರಿಯಾವರೆಗೆ ಒಂದೇ ತೂಕ ಚಲಾವಣೆಗೆ ಬಂತು.

ದೊಡ್ಡ ಅಪವಾದ ಈಜಿಪ್ಟ್. ಅಲೆಕ್ಸಾಂಡರನ ನಂತರ ಅಲ್ಲಿ ಆಳಿದ ಟಾಲೆಮಿ ವಂಶದವರು ಟೆಟ್ರಾಡ್ರಾಕ್ಮಾವನ್ನು ಸುಮಾರು 14.2 ಗ್ರಾಂಗೆ ಇಳಿಸಿ, ಹೊರಗಿನ ನಾಣ್ಯ ತಂದವರು ಅದನ್ನು ಒಪ್ಪಿಸಿ ಇಲ್ಲಿನದನ್ನು ಪಡೆಯಲೇಬೇಕು ಎಂದು ಕಟ್ಟು ಮಾಡಿದರು. ಇಂದಿನ ಟರ್ಕಿಯಲ್ಲಿದ್ದ ಪರ್ಗಮಮ್ ರಾಜ್ಯದ ಸಿಸ್ಟೊಫೋರಸ್ ಎಂಬ ನಾಣ್ಯವೂ ಇದೇ ಬಗೆಯದು: 12.6 ಗ್ರಾಂ ತೂಕ, ಮೇಲೆ ಹಾವು ಹೊರಬರುತ್ತಿರುವ ಬುಟ್ಟಿ. ತಕ್ಕಡಿಯಲ್ಲಿ 14 ಗ್ರಾಂ ತೋರಿಸುವ ಟಾಲೆಮಿ ನಾಣ್ಯ ಕಂಡು ಗಾಬರಿಯಾಗಬೇಡಿ, ಆದರೆ 14 ಗ್ರಾಂ ತೂಗುವ ಅಲೆಕ್ಸಾಂಡರ್ ನಾಣ್ಯದಿಂದ ದೂರವಿರಿ.

ಯಾವ ನಾಣ್ಯದಿಂದ ಆರಂಭಿಸಬೇಕು?

ನನ್ನ ಸಲಹೆ ಅಲೆಕ್ಸಾಂಡರನ ಡ್ರಾಕ್ಮಾ. ಮುಖಭಾಗದಲ್ಲಿ ಸಿಂಹದ ಚರ್ಮವನ್ನು ತಲೆಗೆ ಹೊದ್ದ ಗ್ರೀಕ್ ಪುರಾಣದ ವೀರ ಹೆರಾಕ್ಲಿಸ್, ಹಿಂಭಾಗದಲ್ಲಿ ಒಂದು ಕೈಯಲ್ಲಿ ಗರುಡ, ಇನ್ನೊಂದರಲ್ಲಿ ರಾಜದಂಡ ಹಿಡಿದು ಕುಳಿತ ದೇವರಾಜ ಜ್ಯೂಸ್. ಹೇರಳವಾಗಿ ಸಿಗುತ್ತದೆ, ಬೆಲೆ ಕೈಗೆಟುಕುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಇದರಷ್ಟು ಚೆನ್ನಾಗಿ ಅಧ್ಯಯನವಾದ ಬೇರೆ ಗ್ರೀಕ್ ನಾಣ್ಯಸರಣಿ ಸಿಗುವುದು ಕಷ್ಟ. ಜ್ಯೂಸ್‌ನ ಎದುರಿಗೂ ಪೀಠದ ಕೆಳಗೂ ಇರುವ ಚಿಕ್ಕ ಗುರುತುಗಳನ್ನು ಹಿಡಿದು ಯಾವ ಊರಿನ ಟಂಕಸಾಲೆ, ಯಾವ ದಶಕ ಎಂದು ನೀವೇ ಪತ್ತೆ ಹಚ್ಚಬಹುದು. ಹರಾಜಿನ ವಿವರಣೆಗಳಲ್ಲಿ ಕಾಣುವ ‘ಪ್ರೈಸ್’ ಸಂಖ್ಯೆ, ಬ್ರಿಟಿಷ್ ಮ್ಯೂಸಿಯಂನ ಮಾರ್ಟಿನ್ ಪ್ರೈಸ್ 1991ರಲ್ಲಿ ಪ್ರಕಟಿಸಿದ ಪಟ್ಟಿಯದು.

ಇನ್ನೂ ಅಗ್ಗದ್ದು ಬೇಕೆಂದರೆ ಯೂಬಿಯಾ ದ್ವೀಪದ ಹಿಸ್ಟಿಯಾ ಊರಿನ ಚಿಕ್ಕ ಬೆಳ್ಳಿ ನಾಣ್ಯಗಳಿವೆ: ಮುಡಿಯಲ್ಲಿ ದ್ರಾಕ್ಷಿ ಮುಡಿದ ಹೆಣ್ಣಿನ ಮುಖ, ಹಿಂದೆ ಹಡಗಿನ ಹಿಂತುದಿಯಲ್ಲಿ ಕುಳಿತ ಅಪ್ಸರೆ. ಇಂದಿನ ಟರ್ಕಿಯ ನಡುಭಾಗದ ಕ್ಯಾಪಡೋಸಿಯಾ ಅರಸರ ಡ್ರಾಕ್ಮಾಗಳಲ್ಲಿ ಆಳ್ವಿಕೆಯ ವರ್ಷವನ್ನೇ ಅಕ್ಷರಗಳಲ್ಲಿ ನಮೂದಿಸಿರುತ್ತಾರೆ. ವರ್ಷವಾರು ಜೋಡಿಸುವ ಹುಮ್ಮಸ್ಸು ಇರುವವರಿಗೆ ಅವು ತುಂಬ ಒಪ್ಪುತ್ತವೆ.

ಎರಡನೆಯ ನಾಣ್ಯ ಕೊಳ್ಳುವ ಮೊದಲೇ ಒಂದು ಎಳೆ ಹಿಡಿಯಿರಿ. ಒಂದು ಊರು, ಒಬ್ಬ ಅರಸ ಅಥವಾ ಒಂದು ಚಿತ್ರ. ಕಂಡದ್ದನ್ನೆಲ್ಲ ಕೊಂಡವರ ಪೆಟ್ಟಿಗೆ ಬೇಗ ತುಂಬುತ್ತದೆ, ತಿಳಿವಳಿಕೆ ತುಂಬುವುದಿಲ್ಲ. ಕೊಲೊಫೋನ್‌ನ ಡ್ರಾಕ್ಮಾಗಳನ್ನಷ್ಟೇ ಕೂಡಿಸಿದವರು ಕೆಲವೇ ವರ್ಷಗಳಲ್ಲಿ ಆ ಒಂದು ಊರಿನ ವಿಷಯದಲ್ಲಿ ಮಾರಾಟಗಾರರಿಗಿಂತ ಹೆಚ್ಚು ಬಲ್ಲವರಾಗುತ್ತಾರೆ.

ಹೆರಾಕ್ಲಿಸ್‌ನ ಮುಖ ವಾಸ್ತವದಲ್ಲಿ ಅಲೆಕ್ಸಾಂಡರನದೇ ಅಲ್ಲವೇ?

ಮಾರುವವರಿಗೆ ಹಾಗೆ ಹೇಳುವುದು ಇಷ್ಟ. ಮ್ಯಾಸಿಡೋನಿಯಾದ ರಾಜವಂಶ ಹೆರಾಕ್ಲಿಸ್‌ನನ್ನು ತನ್ನ ಮೂಲಪುರುಷ ಎಂದು ಹೇಳಿಕೊಳ್ಳುತ್ತಿತ್ತು. ಅಲೆಕ್ಸಾಂಡರನಿಗಿಂತ ಮುಂಚಿನ ಅರಸರ ನಾಣ್ಯಗಳಲ್ಲೂ ಸಿಂಹಚರ್ಮದ ಹೆರಾಕ್ಲಿಸ್ ಇದ್ದಾನೆ. ಕೆಲವು ಟಂಕಸಾಲೆಗಳ ಕೆತ್ತನೆಗಾರರು ಮುಖಕ್ಕೆ ಅಲೆಕ್ಸಾಂಡರನ ಹೋಲಿಕೆ ತಂದಿರಬಹುದು, ಆದರೆ ಎಲ್ಲ ನಾಣ್ಯಗಳೂ ಅವನ ಭಾವಚಿತ್ರ ಎಂದು ಹೇಳಲು ಆಧಾರವಿಲ್ಲ. ಅವನ ಮುಖ ಎಂದು ಖಚಿತವಾಗಿ ಹೇಳಬಹುದಾದದ್ದು ಅವನು ಸತ್ತ ನಂತರದ ನಾಣ್ಯಗಳಲ್ಲಿದೆ. ಟಾಲೆಮಿ ಅವನ ತಲೆಗೆ ಆನೆಯ ಚರ್ಮ ಹೊದಿಸಿದ. ಥ್ರೇಸ್‌ನ ಅರಸ ಲೈಸಿಮೇಕಸ್ ಅಮ್ಮೋನ್ ದೇವರ ಟಗರುಕೊಂಬನ್ನು ಅವನ ಕಿವಿಯ ಬಳಿ ಸುತ್ತಿಸಿದ. ಲೈಸಿಮೇಕಸ್‌ನ ಒಳ್ಳೆಯ ಟೆಟ್ರಾಡ್ರಾಕ್ಮಾಗಳಲ್ಲಿನ ಆ ಮೇಲಕ್ಕೆತ್ತಿದ ನೋಟ, ಕೆದರಿದ ಕೂದಲು, ಅರೆತೆರೆದ ತುಟಿ ನೋಡಿದರೆ ಇಡೀ ಪ್ರಾಚೀನ ಲೋಕದ ಅತ್ಯುತ್ತಮ ಮುಖಚಿತ್ರಗಳ ಸಾಲಿನಲ್ಲಿ ಅವನ್ನು ನಿಲ್ಲಿಸಬೇಕು ಎನ್ನಿಸುತ್ತದೆ.

ಅವನು ಬದುಕಿದ್ದಾಗಲೇ ಅಚ್ಚಾದ ನಾಣ್ಯ ಯಾವುದೆಂದು ತಿಳಿಯುವುದು ಹೇಗೆ?

ಜ್ಯೂಸ್‌ನ ಕಾಲುಗಳು ಅಕ್ಕಪಕ್ಕದಲ್ಲಿದ್ದರೆ ಬದುಕಿದ್ದಾಗಿನದು, ಒಂದರ ಹಿಂದೆ ಒಂದು ಸರಿದಿದ್ದರೆ ಸತ್ತ ನಂತರದ್ದು ಎಂಬ ಸೂತ್ರ ಎಲ್ಲೆಡೆ ಕೇಳಿಬರುತ್ತದೆ. ಸ್ಥೂಲವಾಗಿ ಸರಿ, ಅಪವಾದಗಳು ಬೇಕಾದಷ್ಟಿವೆ. ಗುರುತುಗಳನ್ನು ಪಟ್ಟಿಯೊಡನೆ ಹೋಲಿಸುವುದೇ ನಂಬಬಹುದಾದ ದಾರಿ. ಅಲೆಕ್ಸಾಂಡರನ ಹೆಸರಿನಲ್ಲಿ ಅಚ್ಚು ಹಾಕುವುದು ಅವನ ಸಾವಿನ ನಂತರ ಎರಡು ಶತಮಾನಕ್ಕೂ ಹೆಚ್ಚು ಕಾಲ ನಡೆಯಿತು. ಕಪ್ಪು ಸಮುದ್ರದ ತೀರದ ಒಡೆಸ್ಸಸ್, ಮೆಸೆಂಬ್ರಿಯಾಗಳು ಕ್ರಿ.ಪೂ. 1ನೇ ಶತಮಾನದಲ್ಲೂ ಅದನ್ನು ಬಿಟ್ಟಿರಲಿಲ್ಲ. ಅವನ ಮಲಸಹೋದರ ಮೂರನೇ ಫಿಲಿಪ್‌ನ ನಾಣ್ಯಗಳಲ್ಲಿ ಚಿತ್ರಗಳು ಅವೇ, ಹೆಸರು ಮಾತ್ರ ಬೇರೆ.

‘ಬದುಕಿದ್ದಾಗಿನದು’ ಎಂಬ ಚೀಟಿಗೆ ಹೆಚ್ಚು ಬೆಲೆ ಕೇಳುತ್ತಾರೆ. ಪ್ರೈಸ್ ಸಂಖ್ಯೆ ಕೊಡದೆ ಹಾಗೆ ಹೇಳುವವರಿಗೆ ಆ ಹೆಚ್ಚುವರಿ ಹಣ ಕೊಡಬೇಡಿ.

ಗ್ರೀಕ್ ಬರದಿದ್ದರೆ ನಾಣ್ಯ ಓದಲು ಆಗುವುದೇ?

ಆಗುತ್ತದೆ. ನಾಣ್ಯದ ಮೇಲೆ ಇರುವುದು ದೊಡ್ಡಕ್ಷರಗಳು ಮಾತ್ರ, ಇಪ್ಪತ್ತನಾಲ್ಕು. ಕಲಿಯಲು ಒಂದು ವಾರ ಸಾಕು. ಹೆಸರುಗಳು ಬಹುತೇಕ ಷಷ್ಠಿ ವಿಭಕ್ತಿಯಲ್ಲಿರುತ್ತವೆ: ‘ಬಸಿಲಿಯೋಸ್ ಅಲೆಕ್ಸಾಂಡ್ರೂ’ ಎಂದರೆ ಅರಸ ಅಲೆಕ್ಸಾಂಡರನ ನಾಣ್ಯ ಎಂದು ತಿಳಿಯಬೇಕು. ನಂತರದ ಅರಸರು ಬಿರುದು ಸೇರಿಸಿಕೊಂಡರು: ‘ಸೋಟೆರ್’ ರಕ್ಷಕ, ‘ಎಪಿಫೇನಿಸ್’ ಪ್ರತ್ಯಕ್ಷನಾದ ದೇವರು. ಅಲೆಕ್ಸಾಂಡರನ ಸೇನಾಪತಿ ಸೆಲ್ಯೂಕಸ್‌ನ ವಂಶದವರ, ಅಂದರೆ ಸೆಲ್ಯೂಸಿಡ್ ಅರಸರ ನಾಣ್ಯಗಳಲ್ಲಿ ಕ್ರಿ.ಪೂ. 312ರಿಂದ ಎಣಿಸುವ ಶಕದ ವರ್ಷ ಇರುವುದುಂಟು, ಅದನ್ನು ಓದಲು ಬಂದರೆ ಅಚ್ಚಾದ ವರ್ಷವೇ ಕೈಗೆ ಸಿಗುತ್ತದೆ.

ಚಿತ್ರ ನಡುವಿನಲ್ಲಿಲ್ಲ, ಅಂಚು ಸೀಳಿದೆ, ಮೇಲೆ ಕಚ್ಚು ಬಿದ್ದಿದೆ. ಇವೆಲ್ಲ ದೋಷಗಳೇ?

ಬೆಳ್ಳಿಯ ಬಿಲ್ಲೆಯನ್ನು ಕೆಳಗಿನ ಅಚ್ಚಿನ ಮೇಲೆ ಇಟ್ಟು, ಮೇಲಿನ ಅಚ್ಚನ್ನು ಕೈಯಲ್ಲಿ ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಕೈ ಸ್ವಲ್ಪ ಸರಿದರೆ ಚಿತ್ರ ಒಂದು ಬದಿಗೆ ಹೋಗುತ್ತದೆ, ಪೆಟ್ಟು ಜೋರಾದರೆ ಅಂಚು ಬಿರಿಯುತ್ತದೆ. ಇವು ಆ ಕೆಲಸದ ಸಹಜ ಗುರುತುಗಳು. ಏಟನ್ನು ನೇರವಾಗಿ ತಾಳುತ್ತಿದ್ದ ಮೇಲಿನ ಅಚ್ಚು ಬೇಗ ಸವೆಯುತ್ತಿದ್ದುದರಿಂದ ಒಂದೇ ಮುಖಭಾಗದ ಅಚ್ಚಿಗೆ ಹಲವು ಹಿಂಭಾಗದ ಅಚ್ಚುಗಳು ಜೋಡಿಯಾಗಿರುತ್ತವೆ. ಈ ಜೋಡಿಗಳನ್ನು ಸರಪಳಿಯಂತೆ ಹಿಂಬಾಲಿಸಿಯೇ ವಿದ್ವಾಂಸರು ಯಾವ ನಾಣ್ಯ ಮೊದಲು, ಯಾವುದು ನಂತರ ಎಂದು ನಿರ್ಣಯಿಸುತ್ತಾರೆ. ನಿಮ್ಮಲ್ಲಿರುವ ಒಂದು ನಾಣ್ಯವೂ ಆ ಸರಪಳಿಯ ಬಿಟ್ಟುಹೋದ ಕೊಂಡಿಯಾಗಬಹುದು. ಸಾಮಾನ್ಯ ನಾಣ್ಯವನ್ನು ಎರಡು ಸಲ ನೋಡಲು ಇದಕ್ಕಿಂತ ದೊಡ್ಡ ಕಾರಣ ನನಗೆ ಬೇಕಿಲ್ಲ.

ಕಚ್ಚುಗಳ ವಿಚಾರ ಬೇರೆ. ಒಳಗೆ ತಾಮ್ರವಿಟ್ಟು ಮೇಲೆ ಬೆಳ್ಳಿಯ ಹಾಳೆ ಹೊದಿಸಿದ ಮೋಸದ ನಾಣ್ಯಗಳು ಆಗಲೂ ಓಡಾಡುತ್ತಿದ್ದವು. ಒಳಗಿನ ಲೋಹ ನೋಡಲು ವ್ಯಾಪಾರಿಗಳು ಉಳಿಯಿಂದ ಕಚ್ಚು ಹಾಕುತ್ತಿದ್ದರು. ಇಂದಿನ ಟರ್ಕಿಯ ದಕ್ಷಿಣ ಕರಾವಳಿಯ ಆಸ್ಪೆಂಡಸ್, ಫಸೇಲಿಸ್‌ಗಳ ಟೆಟ್ರಾಡ್ರಾಕ್ಮಾಗಳ ಮೇಲೆ ಕೆಲವೊಮ್ಮೆ ಸೆಲ್ಯೂಸಿಡ್ ಲಂಗರಿನ ಮರುಮುದ್ರೆ ಒತ್ತಿರುತ್ತದೆ; ನಾಣ್ಯ ಗಡಿ ದಾಟಿ ಇನ್ನೊಂದು ರಾಜ್ಯದಲ್ಲಿ ಚಲಾವಣೆಯಾದುದಕ್ಕೆ ಅದು ಸಾಕ್ಷಿ. ಹರಾಜಿನಲ್ಲಿ ಇಂಥವುಗಳ ಬೆಲೆ ಇಳಿಯುತ್ತದೆ. ನಾನಂತೂ ಹುಡುಕಿಕೊಂಡು ಹೋಗಿ ಕೊಳ್ಳುತ್ತೇನೆ.

ನಕಲಿಯನ್ನು ಗುರುತಿಸುವುದು ಹೇಗೆ?

ಅಸಲಿಯನ್ನು ಹೆಚ್ಚು ನೋಡುವುದರಿಂದ. ಇದಕ್ಕೆ ಅಡ್ಡದಾರಿ ಇಲ್ಲ. ಆದರೂ ಕೆಲವು ಪರೀಕ್ಷೆಗಳನ್ನು ಮನೆಯಲ್ಲೇ ಮಾಡಬಹುದು.

ಮೊದಲು ತೂಕ, 0.01 ಗ್ರಾಂವರೆಗೆ ತೋರಿಸುವ ತಕ್ಕಡಿಯಲ್ಲಿ. ನಂತರ ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ ಅಂಚು. ಎರಕ ಹೊಯ್ದ ನಕಲಿಯಲ್ಲಿ ಅಂಚಿನ ಸುತ್ತ ಸೇರಿಕೆಯ ಗೆರೆ ಇರುತ್ತದೆ, ಅಥವಾ ಅದನ್ನು ಅರದಿಂದ ಉಜ್ಜಿದ ಗುರುತು ಇರುತ್ತದೆ. ಮೇಲ್ಮೈಯಲ್ಲಿ ಗಾಳಿಗುಳ್ಳೆಯ ಚಿಕ್ಕ ಕುಳಿಗಳು, ಅಕ್ಷರಗಳ ಬುಡದಲ್ಲಿ ಚೂಪಿಲ್ಲದ ಮಸುಕು ಅಂಚು. ಅಚ್ಚಿನಿಂದ ಹೊಡೆದ ನಾಣ್ಯದಲ್ಲಿ ಅಕ್ಷರದ ಬದಿಗಳು ಕಡಿದಾಗಿದ್ದು, ಲೋಹ ಹೊರಕ್ಕೆ ಹರಿದ ಸೂಕ್ಷ್ಮ ಗೆರೆಗಳು ಕಾಣುತ್ತವೆ. ತೂಕ ಸರಿ ಇದ್ದು ಲೋಹದ ಮೇಲೆ ಅನುಮಾನವಿದ್ದರೆ ನೀರಿನಲ್ಲಿ ಮುಳುಗಿಸಿ ಸಾಂದ್ರತೆ ಲೆಕ್ಕ ಹಾಕಿ. ಶುದ್ಧ ಬೆಳ್ಳಿಯದು ಘನ ಸೆಂಟಿಮೀಟರಿಗೆ 10.49 ಗ್ರಾಂ. ಕೊನೆಯ ಟಾಲೆಮಿಗಳ ಕಾಲಕ್ಕೆ ಬೆಳ್ಳಿಯಲ್ಲಿ ತಾಮ್ರ ಬಹಳ ಬೆರೆತಿತ್ತು ಎಂಬುದು ನೆನಪಿರಲಿ.

ಕಷ್ಟವಾದದ್ದು ಹೊಸ ಅಚ್ಚು ಕೆತ್ತಿಯೋ ಅಸಲಿಯಿಂದ ಅಚ್ಚು ತೆಗೆದೋ ಬೆಳ್ಳಿಯಲ್ಲೇ ಹೊಡೆದ ನಕಲಿ. ಜರ್ಮನಿಯ ಕಾರ್ಲ್ ಬೆಕರ್ (1772–1830) ಇಂಥ ಅಚ್ಚುಗಳನ್ನು ಕೆತ್ತಿ ತನ್ನ ಕಾಲದ ದೊಡ್ಡ ಸಂಗ್ರಾಹಕರನ್ನೇ ನಂಬಿಸಿದ್ದ. ಆ ಬಗೆಯ ನಕಲಿ ಸಿಕ್ಕಿಬೀಳುವುದು ಹೋಲಿಕೆಯಿಂದ. ಕೈಯಿಂದ ಹೊಡೆದ ಎರಡು ನಾಣ್ಯಗಳು ಎಂದೂ ತದ್ರೂಪಿಗಳಾಗಿರುವುದಿಲ್ಲ. ಹಳೆಯ ಹರಾಜುಗಳ ಚಿತ್ರಗಳಲ್ಲಿ ಅದೇ ಸೀಳು, ಅದೇ ಕುಳಿ, ಅದೇ ಜಾಗದಲ್ಲಿ ಇರುವ ಇನ್ನೊಂದು ನಾಣ್ಯ ಕಂಡರೆ ಎರಡರಲ್ಲಿ ಒಂದಾದರೂ ನಕಲಿ, ಬಹುಶಃ ಎರಡೂ.

ಬಾಲ್ಕನ್ ಪ್ರದೇಶದ ಬುಡಕಟ್ಟುಗಳು ಆ ಕಾಲದಲ್ಲೇ ಥೇಸೋಸ್ ದ್ವೀಪದ ಟೆಟ್ರಾಡ್ರಾಕ್ಮಾಗಳನ್ನೂ ಅಲೆಕ್ಸಾಂಡರನ ನಾಣ್ಯಗಳನ್ನೂ ಅನುಕರಿಸಿ ತಮ್ಮದನ್ನು ಹೊಡೆದುಕೊಂಡವು. ಮುಖ ವಕ್ರ, ಅಕ್ಷರಗಳು ಚುಕ್ಕೆಗಳಾಗಿ ಕರಗಿವೆ. ಅವು ನಕಲಿಗಳ ಗುಂಪಿಗೆ ಸೇರುವುದಿಲ್ಲ, ಅವನ್ನೇ ಕೂಡಿಸುವ ಸಂಗ್ರಾಹಕರಿದ್ದಾರೆ.

ಕಲ್ಲಿನ ಮೇಲೆ ಬೀಳಿಸಿ ನಾದ ಕೇಳಿದರೆ ತಿಳಿಯುತ್ತದೆ ಎನ್ನುತ್ತಾರಲ್ಲ?

ದಯವಿಟ್ಟು ಮಾಡಬೇಡಿ. ಶತಮಾನಗಳು ಕಳೆದಂತೆ ಬೆಳ್ಳಿಯ ಒಳರಚನೆ ಹರಳುಗಟ್ಟಿ ಪೆಡಸಾಗುತ್ತದೆ. ಹೊರಗೆ ಗಟ್ಟಿಯಾಗಿ ಕಂಡ ನಾಣ್ಯ ಕೈಜಾರಿ ಬಿದ್ದು ಎರಡು ಹೋಳಾಗಬಲ್ಲದು. ಹಾಗೆ ಹರಳುಗಟ್ಟಿದ ನಾಣ್ಯ ಅಸಲಿಯಾಗಿದ್ದರೂ ನಾದ ಕೊಡುವುದಿಲ್ಲ, ಆದ್ದರಿಂದ ಪರೀಕ್ಷೆಯೂ ಸುಳ್ಳಾಗುತ್ತದೆ. ನಾಣ್ಯ ನೋಡುವಾಗ ಕೆಳಗೆ ದಪ್ಪ ಬಟ್ಟೆ ಹಾಸಿ, ಅಂಚು ಹಿಡಿದು ನೋಡಿ.

ಭಾರತಕ್ಕೆ ಸಂಬಂಧಿಸಿದ ಗ್ರೀಕ್ ಬೆಳ್ಳಿ ನಾಣ್ಯಗಳು ಯಾವುವು?

ನಮ್ಮ ಓದುಗರು ಹೆಚ್ಚು ಕೇಳುವ ಪ್ರಶ್ನೆ ಇದು, ಉತ್ತರವೂ ಶ್ರೀಮಂತವಾಗಿದೆ.

ಮೊದಲನೆಯದು ಅಲೆಕ್ಸಾಂಡರನ ಕಾಲದ ‘ಪೋರಸ್’ ಪದಕ. ಸುಮಾರು 40 ಗ್ರಾಂ ಬೆಳ್ಳಿ. ಒಂದು ಬದಿಯಲ್ಲಿ ಕುದುರೆ ಸವಾರನೊಬ್ಬ ಆನೆಯ ಮೇಲಿನ ಇಬ್ಬರನ್ನು ಅಟ್ಟಿಸಿಕೊಂಡು ಹೋಗುತ್ತಿದ್ದಾನೆ. ಇನ್ನೊಂದು ಬದಿಯಲ್ಲಿ ಸಿಡಿಲು ಹಿಡಿದ ಅಲೆಕ್ಸಾಂಡರ್‌ಗೆ ವಿಜಯದೇವತೆ ಕಿರೀಟ ತೊಡಿಸುತ್ತಿದ್ದಾಳೆ. ಕ್ರಿ.ಪೂ. 326ರ ಝೇಲಂ ನದಿಯ ಕದನದ ನೆನಪು ಎಂದು ಇದನ್ನು ವಿವರಿಸುತ್ತಾರೆ. ಒಂದು ಪ್ರತಿ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಸಾಮಾನ್ಯ ಸಂಗ್ರಾಹಕನಿಗೆ ದಕ್ಕುವಂಥದ್ದಲ್ಲ, ಆದರೆ ಚಿತ್ರವನ್ನಾದರೂ ನೋಡಲೇಬೇಕು.

ಎರಡನೆಯದು ಸೆಲ್ಯೂಕಸ್‌ನ ಆನೆಗಳು. ಚಂದ್ರಗುಪ್ತ ಮೌರ್ಯನೊಡನೆ ಒಪ್ಪಂದ ಮಾಡಿಕೊಂಡು ಸಿಂಧೂ ಕಡೆಯ ಪ್ರಾಂತಗಳನ್ನು ಬಿಟ್ಟುಕೊಟ್ಟ ಸೆಲ್ಯೂಕಸ್ 500 ಆನೆಗಳನ್ನು ಪಡೆದ ಎಂದು ಸ್ಟ್ರಾಬೋ ಹೇಳುತ್ತಾನೆ. ಕ್ರಿ.ಪೂ. 301ರ ಇಪ್ಸಸ್ ಕದನವನ್ನು ಗೆಲ್ಲಿಸಿದ್ದು ಆ ಆನೆಗಳೇ. ಅವನ ಬೆಳ್ಳಿ ನಾಣ್ಯಗಳಲ್ಲಿ ಯುದ್ಧದೇವತೆ ಅಥೀನಾ ಕೊಂಬುಳ್ಳ ಆನೆಗಳ ರಥದಲ್ಲಿ ಯುದ್ಧಕ್ಕೆ ಹೊರಟಿದ್ದಾಳೆ.

ಮೂರನೆಯದು ಬ್ಯಾಕ್ಟ್ರಿಯಾದಿಂದ ಹಿಂದೂಕುಷ್ ದಾಟಿ ಬಂದ ಗ್ರೀಕ್ ಅರಸರದು. ಇವರು ಅಥೆನ್ಸ್ ತೂಕವನ್ನು ಬಿಟ್ಟು ಸುಮಾರು 2.45 ಗ್ರಾಂನ ಡ್ರಾಕ್ಮಾ ಹೊಡೆದರು. ಒಂದು ಬದಿ ಗ್ರೀಕ್, ಇನ್ನೊಂದು ಬದಿ ಖರೋಷ್ಠಿ ಲಿಪಿಯಲ್ಲಿ ಪ್ರಾಕೃತ. ಒಂದನೇ ಅಪೊಲೊಡೋಟಸ್‌ನ ಚೌಕ ಡ್ರಾಕ್ಮಾದಲ್ಲಿ ಒಂದೆಡೆ ಆನೆ, ಇನ್ನೊಂದೆಡೆ ಡುಬ್ಬದ ಗೂಳಿ. ಬೌದ್ಧ ಗ್ರಂಥದ ಮಿಲಿಂದನೇ ಆದ ಮಿನಾಂಡರ್‌ನ ಡ್ರಾಕ್ಮಾಗಳಲ್ಲಿ ‘ಮಹಾರಾಜಸ ತ್ರಾತರಸ ಮೆನಂದ್ರಸ’ ಎಂದಿದೆ. ಆಂಟಿಯಾಲ್ಕಿಡಾಸ್‌ನ ನಾಣ್ಯದಲ್ಲಿ ಜ್ಯೂಸ್‌ನ ಬದಿಗೆ ಪುಟ್ಟ ಆನೆ. ವಿದಿಶಾ ಬಳಿಯ ಬೆಸ್‌ನಗರದಲ್ಲಿ ಗರುಡಸ್ತಂಭ ನೆಡಿಸಿದ ಹೆಲಿಯೊಡೋರಸ್ ಇದೇ ಅರಸನ ರಾಯಭಾರಿ. ಆಫ್ಘಾನಿಸ್ತಾನದ ಆಯ್ ಖಾನುಮ್‌ನಲ್ಲಿ 1970ರಲ್ಲಿ ಸಿಕ್ಕ ಅಗಾಥೋಕ್ಲಿಸ್‌ನ ಚೌಕ ಬೆಳ್ಳಿ ನಾಣ್ಯಗಳಲ್ಲಿ ಬಲರಾಮ ಮತ್ತು ವಾಸುದೇವ ನಿಂತಿದ್ದಾರೆ.

ಇಂಡೋ-ಗ್ರೀಕ್ ಎಂದು ಕರೆಯುವ ಈ ಅರಸರು 30ಕ್ಕೂ ಹೆಚ್ಚು. ಗ್ರಂಥಗಳಲ್ಲಿ ಹೆಸರು ಸಿಗುವವರು ಬೆರಳೆಣಿಕೆಯಷ್ಟು. ಉಳಿದವರು ಇದ್ದರು ಎಂಬುದಕ್ಕೆ ನಾಣ್ಯಗಳೇ ಆಧಾರ.

ಕರ್ನಾಟಕದಲ್ಲಿ ಇವು ಸಿಗುತ್ತವೆಯೇ?

ನಮ್ಮ ನೆಲ ಪ್ರಸಿದ್ಧವಾಗಿರುವುದು ರೋಮನ್ ಬೆಳ್ಳಿಗೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗಸ್ಟಸ್, ಟೈಬೀರಿಯಸ್‌ರ ಡಿನೇರಿಯಸ್‌ಗಳು ಸಿಕ್ಕಿವೆ. ಹೆಲೆನಿಸ್ಟಿಕ್ ನಾಣ್ಯಗಳೊಡನೆ ನಮಗಿರುವ ನಂಟು ಲಿಪಿಯದು. 1830ರ ದಶಕದಲ್ಲಿ ಜೇಮ್ಸ್ ಪ್ರಿನ್ಸೆಪ್ ಮತ್ತಿತರರು ಖರೋಷ್ಠಿಯನ್ನು ಓದಿದ್ದು ಈ ದ್ವಿಭಾಷಾ ನಾಣ್ಯಗಳ ನೆರವಿನಿಂದ: ಗ್ರೀಕ್ ಬದಿಯ ಹೆಸರನ್ನು ಹಿಡಿದು ಇನ್ನೊಂದು ಬದಿಯ ಅಕ್ಷರಗಳನ್ನು ಬಿಡಿಸಿದರು. ಅದೇ ಖರೋಷ್ಠಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿದೆ. ಅಲ್ಲಿನ ಅಶೋಕ ಶಾಸನದ ಕೊನೆಯಲ್ಲಿ ಬರೆದವನು ಚಪಡ ಎಂದು ಹೆಸರನ್ನು ಬ್ರಾಹ್ಮಿಯಲ್ಲಿ ಕೊಟ್ಟು, ತಾನು ಲಿಪಿಕಾರ ಎಂಬುದನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಮಿನಾಂಡರ್‌ನ ಒಂದು ಡ್ರಾಕ್ಮಾ ನೋಡಿ ನಂತರ ಬ್ರಹ್ಮಗಿರಿಗೆ ಹೋಗಿ ಬನ್ನಿ.

ಮೂಲದಾಖಲೆಗೆ ಇಷ್ಟೊಂದು ಒತ್ತು ಏಕೆ?

ನಿಧಿಯೊಂದು ಹಾಗೆಯೇ ಸಿಕ್ಕಾಗ ಅದರಲ್ಲಿನ ನಾಣ್ಯಗಳು ಒಂದರ ಕಾಲವನ್ನು ಇನ್ನೊಂದು ಹೇಳುತ್ತವೆ. ದಮನ್‌ಹೂರ್ ನಿಧಿಯ ನಾಣ್ಯಗಳನ್ನು ಎಡ್ವರ್ಡ್ ನ್ಯೂಯೆಲ್ ಒಟ್ಟಾಗಿ ಅಭ್ಯಾಸ ಮಾಡಿ 1923ರಲ್ಲಿ ಪ್ರಕಟಿಸಿದ್ದರಿಂದಲೇ ಅಲೆಕ್ಸಾಂಡರ್ ನಾಣ್ಯಗಳ ಕಾಲಾನುಕ್ರಮಕ್ಕೆ ಬುನಾದಿ ಬಿತ್ತು. ಇದಕ್ಕೆ ಎದುರಾದ ಕಥೆ ಆಫ್ಘಾನಿಸ್ತಾನದ ಮೀರ್ ಜಕಾದ್ದು. 1990ರ ದಶಕದ ಆರಂಭದಲ್ಲಿ ಅಲ್ಲಿನ ಬುಗ್ಗೆಯ ಕೆಸರಿನಿಂದ ಟನ್‌ಗಟ್ಟಲೆ ನಾಣ್ಯಗಳನ್ನು ಬಾಚಿದರು. ಎಲ್ಲವೂ ದಾಖಲೆಯಿಲ್ಲದೆ ಲೋಕದ ಮಾರುಕಟ್ಟೆಗಳಿಗೆ ಚೆದುರಿಹೋದವು. ಅದೇ ವರ್ಷಗಳಲ್ಲಿ ಕಾಬೂಲ್ ವಸ್ತುಸಂಗ್ರಹಾಲಯದ ನಾಣ್ಯ ಸಂಗ್ರಹವೂ ಲೂಟಿಯಾಯಿತು. ಬರೀ ನಾಣ್ಯಗಳಿಂದಲೇ ಇತಿಹಾಸ ಕಟ್ಟಬೇಕಾದ ಅರಸರ ವಿಷಯದಲ್ಲಿ ಇದಕ್ಕಿಂತ ದೊಡ್ಡ ನಷ್ಟ ಯಾವುದು? ಈ ಕಾರಣಕ್ಕೆ ಇಂಡೋ-ಗ್ರೀಕ್ ನಾಣ್ಯಗಳ ಮೇಲೆ ನನಗೆ ಎಷ್ಟೇ ಮೋಹವಿದ್ದರೂ ಹೊಸಬರಿಗೆ ಅವನ್ನು ಮೊದಲ ಖರೀದಿಯಾಗಿ ಸೂಚಿಸುವುದಿಲ್ಲ.

ಕೇಳಬೇಕಾದದ್ದು ಇಷ್ಟು: ಹಿಂದಿನ ಸಂಗ್ರಾಹಕ ಯಾರು, ಯಾವ ವರ್ಷದ ಯಾವ ಹರಾಜು, ಹಳೆಯ ಚೀಟಿ ಇದೆಯೇ? ಸಾಂಸ್ಕೃತಿಕ ಸ್ವತ್ತಿನ ಅಕ್ರಮ ಸಾಗಣೆ ಕುರಿತ ಯುನೆಸ್ಕೋ ಒಪ್ಪಂದ 1970ರದಾದ್ದರಿಂದ ಅದಕ್ಕೂ ಹಿಂದಿನ ದಾಖಲೆ ಇದ್ದರೆ ಬಹಳ ಒಳ್ಳೆಯದು. ಸಿರಿಯಾ, ಇರಾಕ್‌ಗಳಿಂದ ಅಕ್ರಮವಾಗಿ ಹೊರಬಂದ ಪ್ರಾಚೀನ ವಸ್ತುಗಳ ವ್ಯಾಪಾರವನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2015ರಲ್ಲಿ ನಿಷೇಧಿಸಿತು. ಸೆಲ್ಯೂಸಿಡ್ ನಾಣ್ಯ ಕೊಳ್ಳುವವರು ಇದನ್ನು ಮರೆಯಬಾರದು. ‘ಹಳೆಯ ಯುರೋಪಿಯನ್ ಸಂಗ್ರಹದಿಂದ’ ಎಂಬ ಒಂದು ಸಾಲನ್ನು ದಾಖಲೆ ಎಂದು ಒಪ್ಪಬೇಡಿ.

ಭಾರತದಲ್ಲಿ ಇವನ್ನು ಇಟ್ಟುಕೊಳ್ಳುವುದು ಕಾನೂನುಬದ್ಧವೇ?

ಇಟ್ಟುಕೊಳ್ಳಬಹುದು. ಆದರೆ 1972ರ ಪುರಾತನ ವಸ್ತುಗಳು ಮತ್ತು ಕಲಾ ಸಂಪತ್ತು ಕಾಯ್ದೆಯಂತೆ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. ಅಂಥ ವಸ್ತುಗಳ ಮಾರಾಟವನ್ನು ವ್ಯಾಪಾರವಾಗಿ ನಡೆಸುವವರಿಗೆ ಪರವಾನಗಿ ಬೇಕು. ಇದರ ಫಲ ಮೊದಲೇ ತಿಳಿದಿರಲಿ: ವಿದೇಶದಿಂದ ತರಿಸಿಕೊಂಡ ನಾಣ್ಯ ಇಷ್ಟವಾಗದಿದ್ದರೆ ವಾಪಸು ಕಳುಹಿಸುವುದು, ದರ್ಜೆ ನಿರ್ಧಾರಕ್ಕೆಂದು ಅಮೆರಿಕಕ್ಕೆ ಕಳುಹಿಸುವುದು ನೀವು ಅಂದುಕೊಂಡಷ್ಟು ಸಲೀಸಲ್ಲ. ತರಿಸುವಾಗ ಸುಂಕ ಇಲಾಖೆಗೆ ನಿಜ ಮೌಲ್ಯ ಮತ್ತು ವಿವರ ಕೊಡಿ, ರಸೀದಿಗಳನ್ನು ಎಂದೆಂದಿಗೂ ಉಳಿಸಿಕೊಳ್ಳಿ. ಸಂದೇಹವಿದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಕಚೇರಿಯಲ್ಲಿ ವಿಚಾರಿಸಿ.

ನೆಲ ಅಗೆಯುವಾಗ ನಾಣ್ಯ ಸಿಕ್ಕರೆ ಅದು ನಿಧಿ. ಜಿಲ್ಲಾಧಿಕಾರಿಗೆ ತಿಳಿಸಲೇಬೇಕು.

ನಾವು ಅಮೆರಿಕದಲ್ಲಿದ್ದೇವೆ. ಊರಿಗೆ ಮರಳುವಾಗ ಸಂಗ್ರಹ ತರಬಹುದೇ?

ತರುವುದಾದರೆ ಸುಂಕ ಇಲಾಖೆಯಲ್ಲಿ ಘೋಷಿಸಿ ತನ್ನಿ. ಒಮ್ಮೆ ತಂದ ಮೇಲೆ ಮೇಲಿನ ನಿಯಮವೇ ಅನ್ವಯ, ಮತ್ತೆ ಹೊರಗೆ ಒಯ್ಯಲು ಆಗದು. ರಜೆಗೆ ಬರುವಾಗ ನೆಂಟರಿಗೆ ತೋರಿಸಲೆಂದು ಜೇಬಿನಲ್ಲಿ ಹಾಕಿಕೊಂಡು ಬರುವುದು ಖಂಡಿತ ಬೇಡ. ಟರ್ಕಿ, ಗ್ರೀಸ್ ಪ್ರವಾಸದಲ್ಲಿ ರಸ್ತೆಬದಿಯಲ್ಲಿ ಕೊಂಡದ್ದು ನಕಲಿಯಾಗಿದ್ದರೆ ಹಣ ಹೋಯಿತು, ಅಸಲಿಯಾಗಿದ್ದರೆ ವಿಮಾನ ನಿಲ್ದಾಣದಲ್ಲಿ ಬಂಧನವೂ ಆಗಬಹುದು.

ಬೆಲೆ ಎಷ್ಟು? ಎಲ್ಲಿ ಕೊಳ್ಳಬೇಕು?

ಸವೆದ ಅಲೆಕ್ಸಾಂಡರ್ ಡ್ರಾಕ್ಮಾ ನೂರು ಡಾಲರ್ ಆಸುಪಾಸಿಗೂ ಸಿಗುತ್ತದೆ. ಚೆಂದದ ಟೆಟ್ರಾಡ್ರಾಕ್ಮಾಕ್ಕೆ ಕೆಲವು ನೂರು ಡಾಲರ್ ಬೇಕು. ಅಪರೂಪದ ಅರಸ, ಉತ್ತಮ ಕೆತ್ತನೆ, ಹೆಸರಾಂತ ಹಳೆಯ ಸಂಗ್ರಹ ಸೇರಿದರೆ ಮಿತಿಯೇ ಇಲ್ಲ. ಹರಾಜಿನಲ್ಲಿ ಕೂಗಿದ ಬೆಲೆಯ ಮೇಲೆ ಸಾಮಾನ್ಯವಾಗಿ ಶೇ 20ರ ಆಸುಪಾಸು ಶುಲ್ಕ, ಸಾಗಣೆ, ಸುಂಕ ಸೇರುತ್ತವೆ. ಅಸಲಿತನಕ್ಕೆ ಕಾಲಮಿತಿಯಿಲ್ಲದ ಲಿಖಿತ ಭರವಸೆ ಕೊಡುವವರಿಂದ ಮಾತ್ರ ಕೊಳ್ಳಿ.

ಹೂಡಿಕೆಯಾಗಿ ನೋಡಬಹುದೇ?

ಬೇಡ. ಮಾರುವಾಗ ಶುಲ್ಕವೇ ಲಾಭವನ್ನು ತಿನ್ನುತ್ತದೆ, ಭಾರತದಲ್ಲಿ ಕೊಳ್ಳುವವರ ಸಂಖ್ಯೆಯೂ ಕಡಿಮೆ.

ಕಪ್ಪಾದ ನಾಣ್ಯವನ್ನು ತೊಳೆಯಬಹುದೇ? ಹೇಗೆ ಇಡಬೇಕು?

ಹುಣಸೆಹಣ್ಣು, ನಿಂಬೆ, ಟೂತ್‌ಪೇಸ್ಟ್, ಬೆಳ್ಳಿ ಪಾತ್ರೆಯ ಪಾಲಿಷ್ ಯಾವುದೂ ಹತ್ತಿರ ಬರಬಾರದು. ಆ ಬೂದು-ಕಪ್ಪು ಪದರ ತಲೆಮಾರುಗಳಲ್ಲಿ ಕೂತದ್ದು. ಅದನ್ನು ಉಜ್ಜಿ ತೆಗೆದರೆ ಕೆತ್ತನೆಯ ಮೇಲ್ಪದರವೂ ಹೋಗುತ್ತದೆ. ಮಣ್ಣು ಅಂಟಿದ್ದರೆ ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿಡಿ. ಎಣ್ಣೆಯ ಜಿಡ್ಡಿಗೆ ಶುದ್ಧ ಅಸಿಟೋನ್, ಗಾಳಿಯಾಡುವ ಕಡೆ, ಬೆಂಕಿಯಿಂದ ದೂರ. ಕೊಂಬಿನಂತೆ ಗಟ್ಟಿಯಾದ ಕಂದು-ಬೂದು ಹೊರಪದರ ಕಂಡರೆ ಅದು ಬೆಳ್ಳಿಯ ಕ್ಲೋರೈಡ್. ಅದನ್ನು ಪರಿಣತರಿಗೆ ಬಿಡಿ.

ಮೃದುವಾದ ಪಿವಿಸಿ ಪ್ಲಾಸ್ಟಿಕ್ ಲಕೋಟೆಗಳು ಕೆಲವೇ ವರ್ಷಗಳಲ್ಲಿ ಹಸಿರು ಅಂಟು ಬಿಡುತ್ತವೆ, ಅವುಗಳ ಬದಲು ಪಾಲಿಯೆಸ್ಟರ್ ಹಾಳೆಯ ಲಕೋಟೆ ಬಳಸಿ. ಮರದ ಪೆಟ್ಟಿಗೆ ಮಾಡಿಸುವುದಾದರೆ ಮಹಾಗನಿ ಒಳ್ಳೆಯದು, ಓಕ್ ಆಮ್ಲ ಬಿಡುವುದರಿಂದ ಬೇಡ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣಗಳನ್ನು ಆಗಾಗ ಬದಲಿಸಬೇಕು.

ಕೊಳ್ಳದೆಯೂ ಈ ಹವ್ಯಾಸ ಸಾಧ್ಯವೇ?

ಖಂಡಿತ. ಅಮೆರಿಕದ ನಾಣ್ಯಶಾಸ್ತ್ರ ಸಂಸ್ಥೆ ಅಲೆಕ್ಸಾಂಡರ್, ಸೆಲ್ಯೂಸಿಡ್, ಟಾಲೆಮಿ, ಬ್ಯಾಕ್ಟ್ರಿಯಾ ಅರಸರ ನಾಣ್ಯಗಳನ್ನು ಚಿತ್ರ, ತೂಕ, ನಕ್ಷೆಗಳ ಸಮೇತ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಒಂದು ಟಂಕಸಾಲೆಯನ್ನು ಆರಿಸಿಕೊಂಡು ಅದರ ಚಿತ್ರಗಳಲ್ಲಿ ಒಂದೇ ಅಚ್ಚಿನ ನಾಣ್ಯಗಳನ್ನು ಜೋಡಿಸುತ್ತಾ ಹೋಗಿ. ಒಂದು ರೂಪಾಯಿ ಖರ್ಚಿಲ್ಲದೆ ವಿದ್ವಾಂಸರು ಮಾಡುವ ಕೆಲಸವನ್ನೇ ನೀವೂ ಮಾಡುತ್ತಿರುತ್ತೀರಿ.

ನನ್ನ ನಂತರ ಸಂಗ್ರಹದ ಗತಿ?

ಪ್ರತಿ ನಾಣ್ಯಕ್ಕೂ ಒಂದು ಚೀಟಿ ಬರೆಯಿರಿ: ತೂಕ, ವ್ಯಾಸ, ಪಟ್ಟಿಯ ಸಂಖ್ಯೆ, ಯಾರಿಂದ, ಯಾವಾಗ, ಎಷ್ಟಕ್ಕೆ, ಅದಕ್ಕೂ ಮೊದಲು ಯಾರಲ್ಲಿತ್ತು. ಹಳೆಯ ಚೀಟಿಗಳನ್ನು ಎಸೆಯದೆ ಜೊತೆಗೇ ಇಡಿ. ಎರಡೂ ಬದಿಯ ಚಿತ್ರಗಳೊಡನೆ ಇದರ ಪ್ರತಿಯನ್ನು ಮನೆಯ ಇನ್ನೊಬ್ಬರಿಗೆ ಕೊಟ್ಟು, ಮಾರುವುದಾದರೆ ಪರವಾನಗಿ ಉಳ್ಳವರ ಮೂಲಕ, ದೇಶದೊಳಗೇ ಎಂದು ತಿಳಿಸಿ. ವಸ್ತುಸಂಗ್ರಹಾಲಯಕ್ಕೆ ಕೊಡುವ ಮನಸ್ಸಿದ್ದರೆ ಬದುಕಿದ್ದಾಗಲೇ ಅವರೊಡನೆ ಮಾತಾಡಿ, ಸಂಗ್ರಹವನ್ನು ಒಡೆಯದೆ ದಾಖಲೆಗಳ ಸಮೇತ ಇಟ್ಟುಕೊಳ್ಳುವ ಒಪ್ಪಂದವನ್ನು ಬರವಣಿಗೆಯಲ್ಲಿ ಪಡೆಯಿರಿ.